ಹತ್ತು ಸಮಸ್ತರ ಸೇನೆ

ಬಾಳೆಲೆಯ ತುದಿಗೆ ಬಡಿಸುವ ಉಪ್ಪನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಆದರೆ ಬಡಿಸುವವನು ಒಂದು ಎಲೆಗೆ ಉಪ್ಪು ಹಾಕಲು ಮರೆತನೆಂದರೆ, ಆ ಎಲೆಯ ಮುಂದೆ ಕೂತವನಿಗೆ ಊಟ ಮುಗಿಯುವ ತನಕ ಅದೊಂದೇ ಜಾಗ ಕಾಣುತ್ತಿರುತ್ತದೆ. ಸಮಿತಿಯ ಪದವಿಯೂ ಹೀಗೆಯೇ ಎಂಬುದು ಪುತ್ತೂರಿನಲ್ಲಿ ಬಹಳ ವರ್ಷಗಳಿಂದ ಅಚ್ಚುಕೂಟ ನಡೆಸಿಕೊಂಡು ಬಂದ ನನ್ನ ಅನುಭವ. ಜೀರ್ಣೋದ್ಧಾರ ಸಮಿತಿಯಿರಲಿ, ಭಜನಾ ಮಂದಿರದ ವಾರ್ಷಿಕೋತ್ಸವವಿರಲಿ, ಆಮಂತ್ರಣ ಪತ್ರಿಕೆ ನನ್ನಲ್ಲಿಗೆ ಬಂದರೆ ನಾನು ಮೊದಲು ನೋಡುವುದು ಕಾರ್ಯಕ್ರಮವನ್ನಲ್ಲ, ಕೆಳಗಿನ ಹೆಸರುಗಳನ್ನು. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಸಾಲಿನಲ್ಲಿ ನಾಲ್ಕೈದು ಮಂದಿ ಉಪಾಧ್ಯಕ್ಷರು, ಪ್ರಧಾನ ಸಂಚಾಲಕರು, ಸಂಚಾಲಕರು, ಸಹಸಂಚಾಲಕರು, ಸಲಹೆಗಾರರು, ಎಲ್ಲಿಯೂ ಹಿಡಿಸದವರಿಗೆ ವಿಶೇಷ ಆಹ್ವಾನಿತರು. ಎಲ್ಲ ಮುಗಿದ ಮೇಲೆ, ಜಾಗ ಉಳಿದರೆ ಸ್ವಲ್ಪ ದೊಡ್ಡದಾಗಿ, ಉಳಿಯದಿದ್ದರೆ ಇರುವೆಯಷ್ಟು ಸಣ್ಣದಾಗಿ, 'ಹಾಗೂ ಊರ ಹತ್ತು ಸಮಸ್ತರು'. ಊರಿನ ಉಳಿದವರೆಲ್ಲ ಎಂದು ಅರ್ಥ, ಆದರೆ ಈ ಹತ್ತು ಸಮಸ್ತರು ಯಾರೆಂದು ನಾನು ಯಾರನ್ನೂ ಕೇಳಿದವನಲ್ಲ. ಪ್ರೂಫು ನೋಡಲಿಕ್ಕೆ ಅವರಲ್ಲಿ ಒಬ್ಬರೂ ಬಂದದ್ದಿಲ್ಲ. ತಮ್ಮ ಹೆಸರು ಕೆಳಗಾಯಿತು ಎಂದು ದೂರಿದ್ದೂ ಇಲ್ಲ. ಇಂಥ ಗಿರಾಕಿಗಳ ಬಗ್ಗೆ ಯಾವ ಅಚ್ಚುಕೂಟದವನೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಒಂದು ದೇಶಕ್ಕೆ ಸೇನೆ ಕಟ್ಟಿಕೊಟ್ಟ ಕತೆಯನ್ನು ಹೇಳಬೇಕಾಗಿದೆ. ಆ ಸೇನೆ ಒಂದೇ ಒಂದು ಯುದ್ಧ ಮಾಡಿತು. ಪೆರಾಬೆಯ ಒಂದು ಗೃಹಪ್ರವೇಶದ ಊಟದಲ್ಲಿ, ಹೋಳಿಗೆಯ ಹೊತ್ತಿಗೆ. ನಿಧಾನವಾಗಿ, ನಾನು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುತ್ತೇನೆ. ಕಂಡದ್ದೇ ಬೇಕಾದಷ್ಟು ಉಂಟು.

ದೇಶ ಕಟ್ಟಿದವರು ನನ್ನ ಅತ್ತಿಗೆ. ಕಾಣಿಯೂರಿನಲ್ಲಿರುವ ನನ್ನ ಅಣ್ಣನ ಹೆಂಡತಿ, ಶ್ಯಾಮಲತ್ತಿಗೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಅಂತರಜಾಲದಲ್ಲಿ ಒಂದು ಆಟದ ತಾಣ ಉಂಟು. ಅಲ್ಲಿ ಯಾರು ಬೇಕಾದರೂ ಒಂದು ದೇಶ ಹುಟ್ಟಿಸಬಹುದು. ಅದಕ್ಕೆ ಹೆಸರು, ಬಾವುಟ, ನಾಣ್ಯ, ರಾಷ್ಟ್ರಪ್ರಾಣಿ ಎಲ್ಲ ನಾವೇ ಇಡುವುದು. ಅಂಥ ಹಲವು ದೇಶಗಳು ಸೇರಿದರೆ ಒಂದು ಒಕ್ಕೂಟ. ನಿವೃತ್ತಿಯ ಮರುವರ್ಷ ಅತ್ತಿಗೆ 'ಕುಮಾರಧಾರಾ ಒಕ್ಕೂಟ'ವೆಂದು ಒಂದನ್ನು ಶುರು ಮಾಡಿದರು. ಹಳೆಯ ಶಿಷ್ಯರು, ನೆಂಟರು, ನೆಂಟರ ನೆಂಟರು ಎಂದು ಪುತ್ತೂರು, ಸುಳ್ಯ, ಕಡಬದ ಕಡೆಯ ಒಂದಷ್ಟು ಮಂದಿ ಒಬ್ಬೊಬ್ಬರಾಗಿ ತಮ್ಮ ತಮ್ಮ ದೇಶ ಹಿಡಿದುಕೊಂಡು ಬಂದು ಸೇರಿದರು. ನನ್ನ ದೇಶದ ಹೆಸರು ಸಮಾಧಾನ. ರಾಷ್ಟ್ರಪ್ರಾಣಿ ಕೆಂದಳಿಲು, ನಾಣ್ಯ ಗೋಟಡಿಕೆ. ಅತ್ತಿಗೆ ಒಕ್ಕೂಟಕ್ಕೆ ಒಂದು ಸಂವಿಧಾನ ಬರೆದರು. ಒಂದು ಗ್ರಂಥಾಲಯ ಮಾಡಿ, ಸಿಕ್ಕಿದವರಿಂದೆಲ್ಲ ಅವರವರ ದೇಶದ ಚರಿತ್ರೆಯನ್ನು ಬರೆಸಿ, ತಪ್ಪು ತಿದ್ದಿ ಅದರಲ್ಲಿ ಇಟ್ಟರು. ಜೀವಮಾನದಲ್ಲಿ ರಬ್ಬರ್ ಶೀಟಿನ ಚೀಟಿ ಬಿಟ್ಟು ಬೇರೆ ಏನೂ ಬರೆಯದ ಮನುಷ್ಯರು ಅಲ್ಲಿ ಐದು ತಲೆಮಾರಿನ ರಾಜವಂಶಗಳ ಕತೆ ಬರೆದಿದ್ದಾರೆ. ಅಷ್ಟೂ ಇದ್ದದ್ದು ಆ ತಾಣದಲ್ಲಿ ಮಾತ್ರ. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ನನ್ನ ಅಣ್ಣನಿಗೆ ಇದರಲ್ಲಿ ಆಸಕ್ತಿ ಇಲ್ಲ. ಇಲ್ಲ ಎಂದೇ ನಾವೆಲ್ಲ ತಿಳಿದದ್ದು. ಅವನಿಗೆ ರಕ್ತದೊತ್ತಡ. ಡಾಕ್ಟ್ರು ಉಪ್ಪು ಬಿಡಿಸಿದ ಮೇಲೆ ಅವನಿಗೆ ಊಟವೂ, ಅತ್ತಿಗೆಯ ದೇಶವೂ, ನನ್ನ ಮಾತೂ ಒಂದೇ ರುಚಿ. "ಇಲ್ಲದ ದೇಶಕ್ಕೆ ಎಂತ ಸಂವಿಧಾನ?" ಎಂದು ಕೇಳುತ್ತಿದ್ದ. ಅತ್ತಿಗೆ ಫೋನಿನಿಂದ ಕಣ್ಣೆತ್ತದೆ, "ಇರುವ ಮನೆಗೇ ಒಂದು ಸಂವಿಧಾನ ಇಲ್ಲ, ಅಲ್ಲಿಯಾದರೂ ಇರಲಿ" ಎನ್ನುತ್ತಿದ್ದರು. ಅಣ್ಣ ಟವೆಲು ಕೊಡವಿ ದನದ ಹಟ್ಟಿಯ ಕಡೆ ಹೋಗುತ್ತಿದ್ದ.

ಹೀಗಿರುವಾಗ ಒಂದು ದಿನ ಅತ್ತಿಗೆ ನನಗೆ ಫೋನು ಮಾಡಿದರು. "ಕೇಶವ, ನಮಗೊಂದು ಸೈನ್ಯ ಬೇಕು ಮಾರಾಯ."

ನಾನು, "ಯಾರ ಮೇಲೆ ಅತ್ತಿಗೆ?" ಎಂದೆ.

"ಯಾರ ಮೇಲೂ ಅಲ್ಲ. ಕೆಲವರು ಉಂಟು, ಒಕ್ಕೂಟ ಹಾಳು ಮಾಡುದೇ ಅವರಿಗೆ ಆಟ. ಪಾಪದವರ ಹಾಗೆ ಬಂದು ಸೇರುದು, ಸಮಯ ನೋಡಿ ಎಲ್ಲ ಒಟ್ಟಾಗಿ ತಮ್ಮವನಿಗೆ ಬೆಂಬಲ ಒತ್ತುದು. ಅವನು ಅಧ್ಯಕ್ಷನಾದ ಕೂಡಲೇ ಗ್ರಂಥಾಲಯ ಅಳಿಸುದು, ನಮ್ಮನ್ನೆಲ್ಲ ಹೊರಗೆ ದೂಡುದು. ಮೊನ್ನೆ ಒಂದು ಒಕ್ಕೂಟ ಹೀಗೇ ಹೋಯಿತು. ಅದರ ಅಧ್ಯಕ್ಷೆ ಪಾಪ, ಎರಡು ದಿನ ಅಡಿಗೆ ಮಾಡಲಿಲ್ಲವಂತೆ."

ಆ ತಾಣದ ಕ್ರಮ ಹೀಗೆ. ದಿನಕ್ಕೊಮ್ಮೆ ಅಲ್ಲಿ ಲೆಕ್ಕ ಆಗುತ್ತದೆ. ಯಾವ ಊರಿನ ಮಧ್ಯರಾತ್ರಿಯೋ ಏನೋ, ನಮಗದು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತು. ಆ ಹೊತ್ತಿಗೆ ಯಾರಿಗೆ ಹೆಚ್ಚು ದೇಶಗಳ ಬೆಂಬಲವೋ ಅವರೇ ಅಧ್ಯಕ್ಷರು. ಬೆಂಬಲ ಕೊಡುವುದೆಂದರೆ ಒಂದು ಬಟನ್ ಒತ್ತುವುದು. ಒಮ್ಮೆ ಒತ್ತಿದ್ದು ವಾರ ಕಳೆದರೆ ಮಾಸಿಹೋಗುತ್ತದೆ, ಮತ್ತೆ ಒತ್ತಬೇಕು. ಹಾಗಾಗಿ ಸೇನೆಯ ಕೆಲಸ ಇಷ್ಟೇ: ಅಪಾಯ ಬಂದಾಗ ಎಲ್ಲರೂ ಅತ್ತಿಗೆಯ ಹೆಸರಿನ ಮುಂದೆ ಬಟನ್ ಒತ್ತುವುದು. ಕತ್ತಿಯಿಲ್ಲ, ಕುದುರೆಯಿಲ್ಲ, ಒಂದು ಹೆಬ್ಬೆರಳು ಸಾಕು.

ನನ್ನನ್ನೇ ಯಾಕೆ ಕೇಳಿದ್ದು ಎಂದು ವಿಚಾರಿಸಿದೆ. "ಸಮಿತಿ ಕಟ್ಟುದರಲ್ಲಿ ನಿನ್ನಷ್ಟು ಅನುಭವ ಯಾರಿಗುಂಟು? ಯಾರಿಗೂ ಬೇಜಾರಾಗದ ಹಾಗೆ ಮಾಡು" ಎಂದರು. ಆ ಕೊನೆಯ ಮಾತು ಹೇಳಬಾರದಿತ್ತು. ಯಾರಿಗೂ ಬೇಜಾರಾಗದ ಹಾಗೆ ಮಾಡುವುದು ನನಗೆ ಗೊತ್ತಿರುವ ಒಂದೇ ವಿದ್ಯೆ.

ಮೊದಲ ತೊಡಕು ಸೇನಾಧಿಪತ್ಯದ್ದೇ. ಪೆರಾಬೆಯ ರಮೇಶನಿಗೆ ಅದು ಬೇಕಿತ್ತು. ಅವನದು ರಬ್ಬರ್ ಶೀಟಿನ ವ್ಯಾಪಾರ, ದೊಡ್ಡ ಸ್ವರ, ಯಾವುದಕ್ಕೂ ಮುಂದೆ ನಿಲ್ಲುವ ಜನ. ಸುಳ್ಯದ ಹಲ್ಲಿನ ಡಾಕ್ಟ್ರಿಗೂ ಅದೇ ಬೇಕಿತ್ತು. ಅವರು ಬಾಯಿಬಿಟ್ಟು ಹೇಳಲಿಲ್ಲ. "ನನಗೆಂತ ಪದವಿ ಮಾರಾಯ್ರೆ, ರಮೇಶನೇ ಆಗಲಿ" ಎಂದರು. ಅದನ್ನು ಮೂರು ಸಲ ಹೇಳಿದ್ದರಿಂದ ನನಗೆ ಅರ್ಥವಾಯಿತು. ಹೀಗಾದಾಗ ಮಾಡುವ ಉಪಾಯ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಡಾಕ್ಟ್ರನ್ನು ಗೌರವ ಮಹಾದಂಡನಾಯಕರನ್ನಾಗಿಯೂ ರಮೇಶನನ್ನು ಕಾರ್ಯನಿರ್ವಾಹಕ ಮಹಾದಂಡನಾಯಕನನ್ನಾಗಿಯೂ ಮಾಡಿದೆ. ಇಬ್ಬರಿಗೂ ಸಂತೋಷವಾಯಿತು. ಸಂತೋಷ ಕಂಡದ್ದೇ ನನ್ನ ಕೈ ಓಡತೊಡಗಿತು. ಉಪ ಮಹಾದಂಡನಾಯಕರು ಸಾಲಾಗಿ ನಾಲ್ವರು. ದಿಕ್ಕಿಗೊಬ್ಬ ಸಂಚಾಲಕ, ಅವನಿಗೊಬ್ಬ ಸಹಸಂಚಾಲಕ. ಕೋಡಿಂಬಾಳದ ಒಬ್ಬರಿಗೆ ಯಾವುದೂ ಸರಿಬರದೆ, ನಮ್ಮ ಒಕ್ಕೂಟದ ಭೂಪಟದಲ್ಲಿ ಸಮುದ್ರವೇ ಇಲ್ಲದಿದ್ದರೂ ನೌಕಾಪಡೆಯ ಮುಖ್ಯಸ್ಥರನ್ನಾಗಿ ಮಾಡಿದೆ. ಅವರು ಮರುದಿನ ಫೋನು ಮಾಡಿ, "ಒಂದು ಉಪಮುಖ್ಯಸ್ಥ ಬೇಕಿತ್ತಲ್ಲ" ಎಂದರು. ಕೊಟ್ಟೆ. ನಾನು ಮಾತ್ರ ವಿನಯದಿಂದ ಕೆಳಗೆ ಒಂದು ಮೂಲೆಯಲ್ಲಿ 'ಪ್ರಧಾನ ಸಂಯೋಜಕ' ಎಂದು ಇಟ್ಟುಕೊಂಡೆ. ಕೆಳಗಿನ ಮೂಲೆ ಎಂದೆ. ಆದರೆ ಅದಕ್ಕೆ ಸುತ್ತ ಒಂದು ಚೌಕಟ್ಟು ಹಾಕಿದ್ದೆ ಎಂಬುದನ್ನೂ ಹೇಳಿಬಿಡಬೇಕು.

ಎಲ್ಲ ಮುಗಿದು ಒಂದೇ ಒಂದು ದೇಶ ಉಳಿಯಿತು. ಹೆಸರು 'ಚಪ್ಪೆ'. ಉಪ್ಪು ಖಾರ ಇಲ್ಲದ್ದಕ್ಕೆ ನಮ್ಮ ಕಡೆ ಹೇಳುವ ಮಾತು ಅದು. ಅದರ ಯಜಮಾನ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಒಕ್ಕೂಟದಲ್ಲಿ ಒಂದು ಮಾತಾಡಿದವನಲ್ಲ, ಚರಿತ್ರೆ ಬರೆದವನಲ್ಲ. ವಾರವಾರ ತಪ್ಪದೆ ಅತ್ತಿಗೆಗೆ ಒಂದು ಬೆಂಬಲ ಒತ್ತಿ ಸುಮ್ಮನಾಗುವವನು. ಒಂದು ಎಲೆ ಉಪ್ಪಿಲ್ಲದೆ ಉಳಿಯಿತಲ್ಲ ಎಂದು ನನಗೆ ಚಡಪಡಿಕೆ. "ಅತ್ತಿಗೆ, ಈ ಚಪ್ಪೆಯವರಿಗೆ ಎಂತ ಕೊಡುವ? ಸಹಸಲಹೆಗಾರ ಖಾಲಿ ಉಂಟು" ಎಂದು ಕೇಳಿದೆ.

ಅತ್ತಿಗೆ, "ಅದಕ್ಕೆ ಎಂತದೂ ಬೇಡ. ಹಾಗೇ ಬಿಡು" ಎಂದರು.

ಹಾಗಾಗಿ ನಾನು ಕೈಯ ಅಭ್ಯಾಸದಿಂದ ಕೊನೆಯಲ್ಲಿ 'ಹಾಗೂ ಹತ್ತು ಸಮಸ್ತರು' ಎಂದು ಹಾಕಿ, ಇಡೀ ಸೇನೆಯನ್ನು ಚಂದದ ಬಣ್ಣದಲ್ಲಿ ಜೋಡಿಸಿ ಕಳಿಸಿದೆ. ಅದನ್ನು ನೋಡಿ ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ರಮೇಶ ಅದನ್ನು ದೊಡ್ಡದಾಗಿ ಅಚ್ಚು ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದ. ನನ್ನಲ್ಲಿಯೇ ಮಾಡಿಸಿದ್ದು.

ಅದಾಗಿ ಕೆಲವು ತಿಂಗಳಿಗೆ ರಮೇಶನ ಹೊಸ ಮನೆಯ ಗೃಹಪ್ರವೇಶ. ಒಕ್ಕೂಟದ ಅರ್ಧಕ್ಕರ್ಧ ಅವನ ನೆಂಟರು, ಉಳಿದವರು ಸ್ನೇಹಿತರು. ಹಾಗಾಗಿ ಸೇನೆಯ ಪದಾಧಿಕಾರಿಗಳೆಲ್ಲ ಅಂದು ಪೆರಾಬೆಯಲ್ಲಿ ಒಂದೇ ಚಪ್ಪರದ ಕೆಳಗಿದ್ದರು. ಹೊಸ ಮನೆಗೆ ಇನ್ನೂ ಇಂಟರ್ನೆಟ್ಟಿನ ತಂತಿ ಎಳೆದಿರಲಿಲ್ಲ. ಜಾಗವೋ ತಗ್ಗಿನದ್ದು. ಫೋನಿಗೆ ರೇಂಜ್ ಸಿಗುವುದು ಒಂದೇ ಕಡೆ, ಗುಡ್ಡೆಯ ಬದಿಯ ದನದ ಹಟ್ಟಿಯ ಮೆಟ್ಟಿಲಿನಲ್ಲಿ. ಆ ಮೆಟ್ಟಿಲಿನಲ್ಲಿ ಒತ್ತೊತ್ತಿ ನಿಂತರೆ ಮೂರು ಜನ ಹಿಡಿಯುತ್ತಾರೆ. ಊಟದ ಮೊದಲ ಹಂತಿಗೆ, ಅಂದರೆ ಪಂಕ್ತಿಗೆ, ಎಲೆ ಹಾಕುವಾಗ ಅತ್ತಿಗೆ ಅಲ್ಲಿಂದ ಇಳಿದು ಬಂದರು. ಯಜಮಾನಿಕೆಯ ಓಡಾಟದಲ್ಲಿದ್ದ ರಮೇಶನನ್ನು ಚಪ್ಪರದ ಕಂಬದ ಹತ್ತಿರ ನಿಲ್ಲಿಸಿ, ನನ್ನ ಎದುರಿಗೇ ಹೇಳಿದರು. "ಬಂದಿದ್ದಾರೆ. ತಿಂಗಳಿನಿಂದ ಸುಮ್ಮನೆ ಕೂತಿದ್ದ ಹೊಸಬರೆಲ್ಲ ಈಗ ಒಟ್ಟಾಗಿ ಒತ್ತಿದ್ದಾರೆ. ನಮ್ಮವರದ್ದು ಹೆಚ್ಚಿನದೂ ಮಾಸಿ ಹೋಗಿದೆ. ಲೆಕ್ಕಕ್ಕೆ ಇನ್ನು ಊಟ ಮುಗಿಯುವಷ್ಟು ಹೊತ್ತು ಇಲ್ಲ. ಸೈನ್ಯಕ್ಕೆ ಹೇಳು."

ರಮೇಶ ಎದೆಯುಬ್ಬಿಸಿ, "ಈಗ ಆಜ್ಞೆ ಮಾಡ್ತೇನೆ ಶ್ಯಾಮಲಕ್ಕ. ನೀವು ಊಟಕ್ಕೆ ಕೂತುಕೊಳ್ಳಿ" ಎಂದ. ಅಷ್ಟರಲ್ಲಿ ಯಾರೋ ಅತ್ತಿಗೆಯನ್ನು ಕೈಹಿಡಿದು ಹೆಂಗಸರ ಹಂತಿಯಲ್ಲಿ ಕೂರಿಸಿಬಿಟ್ಟರು. ಎದುರಿನ ಗಂಡಸರ ಹಂತಿಯಲ್ಲಿ ನನಗೂ ಎಲೆ ಸಿಕ್ಕಿತು. ಸೇನೆ ನನ್ನ ಕೈಯ ರಚನೆ, ಇನ್ನು ಭಯವಿಲ್ಲ ಎಂದು ನಾನು ಎಲೆಗೆ ನೀರು ಚಿಮುಕಿಸಿದೆ.

ನಾನು ಕೂತದ್ದು ಹಂತಿಯ ತಲೆಯಲ್ಲಿ, ಶಂಭು ಅಜ್ಜನ ಪಕ್ಕದಲ್ಲಿ. ರಮೇಶನ ಅಜ್ಜನ ತಮ್ಮ ಅವರು. ಎಂಬತ್ತು ದಾಟಿದರೂ ಹಲ್ಲು ಗಟ್ಟಿ. ಊಟ ಮಾತ್ರ ಬಹಳ ನಿಧಾನ. ಅಲ್ಲಿಂದ ನನಗೆ ಇಡೀ ಹಂತಿ ಕಾಣುತ್ತಿತ್ತು. ಹಾಗಾಗಿ ಆಜ್ಞೆ ಹೋದ ದಾರಿಯನ್ನು ನಾನು ಸ್ಪಷ್ಟವಾಗಿ ನೋಡಿದ್ದೇನೆ. ರಮೇಶ ಬಗ್ಗಿ ಹಲ್ಲಿನ ಡಾಕ್ಟ್ರ ಕಿವಿಯಲ್ಲಿ, "ಶತ್ರು ಬಂದಿದ್ದಾರೆ, ಒತ್ತಬೇಕಂತೆ, ಕೆಳಗೆ ತಿಳಿಸಿ" ಎಂದು ಹೇಳಿ, ತನ್ನ ಕರ್ತವ್ಯ ಮುಗಿದವನ ಹಾಗೆ ಅಡಿಗೆಯವರ ಕಡೆ ಹೋದ. ಡಾಕ್ಟ್ರು ಕೋಸಂಬರಿ ಬಾಯಿಗಿಟ್ಟು, ಗಂಭೀರವಾಗಿ ತಲೆಯಾಡಿಸಿ, ಪಕ್ಕದ ಉಪ ಮಹಾದಂಡನಾಯಕರಿಗೆ ಹೇಳಿದರು. ಅವರು ಮುಂದಿನ ಉಪರಿಗೆ. ಸಾರು ಬರುವ ಹೊತ್ತಿಗೆ ಆಜ್ಞೆ ಸಂಚಾಲಕರ ಮಟ್ಟಕ್ಕೆ ಇಳಿದಿತ್ತು. ಮಜ್ಜಿಗೆಹುಳಿಯಂಥ ಮೇಲಾರ ಬಡಿಸುವ ಹೊತ್ತಿಗೆ ಸಹಸಂಚಾಲಕರನ್ನು ದಾಟಿತು. ನೌಕಾಪಡೆಯವರು ಮಾತ್ರ, "ಇದು ಭೂಸೇನೆಯ ವಿಷಯ ಅಲ್ಲವಾ?" ಎಂದು ಕೇಳಿ ಸ್ವಲ್ಪ ತಡ ಮಾಡಿದರು. ಕೊನೆಗೆ ಹಂತಿಯ ತುದಿಯಲ್ಲಿ ಕೂತಿದ್ದ ವಿಶೇಷ ಆಹ್ವಾನಿತ ದಂಡನಾಯಕರಿಗೆ ಮುಟ್ಟಿತು. ಅವರು ತಮ್ಮ ಆಚೆಯ ಎಲೆಗೆ ತಿರುಗಿ, "ಒತ್ತಬೇಕಂತೆ" ಎಂದರು. ಆಚೆಯ ಎಲೆಯಲ್ಲಿ ಕೂತದ್ದು ಬಾಡಿಗೆ ಜೀಪಿನ ಚಾಲಕ. ಅವನು ಒಮ್ಮೆ ಅವರನ್ನು ನೋಡಿ, ಎಲೆಗೆ ಅಂಟಿಕೊಂಡಿದ್ದ ತನ್ನ ತಂಬಿಗೆಯನ್ನು ಸ್ವಲ್ಪ ಆಚೆ ಒತ್ತಿ ಇಟ್ಟ.

ಅಷ್ಟಾದ ಮೇಲೆ ಆ ಕಡೆಯಿಂದ ವರದಿ ಮೇಲೆ ಬಂತು. ಅದು ಬೇಗ ಬಂತು. "ಆಜ್ಞೆ ತಲುಪಿದೆ," "ತಲುಪಿದೆ," "ತಲುಪಿದೆ." ಡಾಕ್ಟ್ರು ನನ್ನ ಕಡೆ ಬಾಗಿ, "ರಚನೆ ಅಂದರೆ ಇದು ಕೇಶವಣ್ಣ. ಎಷ್ಟು ಚಂದ ಹೋಯಿತು ನೋಡಿ" ಎಂದರು. ನನಗೂ ಹಾಗೆಯೇ ಅನ್ನಿಸಿತು. ಎದುರಿನ ಹಂತಿಯಿಂದ ಅತ್ತಿಗೆ ಹುಬ್ಬೆತ್ತಿ ಕೇಳಿದರು. ನಾನು ತಲೆಯಾಡಿಸಿ, ಆಗಿದೆ ಎಂದು ಸನ್ನೆ ಮಾಡಿದೆ. ಅತ್ತಿಗೆ ಎಡಗೈಯ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ, ಬಾಯಲ್ಲಿ ಸದ್ದಿಲ್ಲದೆ, "ಯಾರು?" ಎಂದರು.

ಆ ಒಂದು ಪ್ರಶ್ನೆಗೆ ನಾನು ಹಂತಿಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದೆ. ಅಧಿಕಾರಿಗಳೆಲ್ಲ ಊಟ ಮಾಡುತ್ತಿದ್ದರು. ಪ್ರತಿಯೊಬ್ಬರ ಮುಖದಲ್ಲೂ ತನ್ನ ಕೆಳಗಿನವನು ಒತ್ತಿರುತ್ತಾನೆ ಎಂಬ ನೆಮ್ಮದಿ. ಆಗ ನನಗೆ ಅರ್ಥವಾಯಿತು. ನಾನು ಕಟ್ಟಿದ ಸೇನೆಯಲ್ಲಿ ಕೆಳಗೆ ಯಾರೂ ಇರಲಿಲ್ಲ. ಇದ್ದದ್ದು ಒಂದು ಸಾಲು ಅಕ್ಷರ.

ಈಗ ಎದ್ದು ಓಡಬೇಕು. ಆದರೆ ಓಡುವುದು ಹೇಗೆ? ನಮ್ಮಲ್ಲಿ ಹಂತಿಯಿಂದ ನಡುವೆ ಎದ್ದುಹೋಗುವ ಕ್ರಮವಿಲ್ಲ. ತಲೆಯಲ್ಲಿ ಕೂತ ಹಿರಿಯರು ಮುಗಿಸಿ 'ಗೋವಿಂದಾ' ಎಂದ ಮೇಲೆಯೇ ಎಲ್ಲರೂ ಒಟ್ಟಿಗೆ ಏಳಬೇಕು. ಅದಕ್ಕೆ ಮೊದಲು ಎದ್ದವನು ಊಟಕ್ಕೂ ಅವಮಾನ ಮಾಡಿದ, ಮನೆಗೂ ಅವಮಾನ ಮಾಡಿದ. ನಾನು ಶಂಭು ಅಜ್ಜನ ಎಲೆ ನೋಡಿದೆ. ಅವರು ಮೇಲಾರದ ಒಂದು ಸೌತೆ ಹೋಳನ್ನು ಅತ್ತಿಂದಿತ್ತ ಹೊರಳಿಸಿ, ಯಾವ ಕಡೆಯಿಂದ ಶುರು ಮಾಡುವುದೆಂದು ಯೋಚಿಸುತ್ತಿದ್ದರು. ಹೋಳಿಗೆ ಆಗಷ್ಟೇ ಚಪ್ಪರಕ್ಕೆ ಬಂದಿತ್ತು. ಎರಡು ಬಗೆ ಪಾಯಸ ಬಾಕಿ. ಊಟದ ಕೊನೆಗೆ ಬರುವ ಮಜ್ಜಿಗೆ ಇನ್ನೂ ಅಡಿಗೆಯ ಶಾಲೆಯಲ್ಲೇ ಇತ್ತು.

ಅತ್ತಿಗೆಗೂ ಅದೇ ಹೊಳೆದಿರಬೇಕು. ಹೋಳಿಗೆಯ ಬುಟ್ಟಿ ಹಿಡಿದವನನ್ನು ಕರೆದು, "ಗಂಡಸರ ಹಂತಿಗೆ ಮಜ್ಜಿಗೆ ತಾ" ಎಂದರು. ಅವನು ಅಡಿಗೆಯವರ ಬಳಗದವನು, ಬಡಿಸುವುದರಲ್ಲಿ ಪಳಗಿದವನು. ಅತ್ತಿಗೆಯನ್ನು ಒಮ್ಮೆ ನೋಡಿ, "ಎಂತ ಅಕ್ಕ ನೀವು ಹೇಳುದು? ಹೋಳಿಗೆ ಒಂದು ಸುತ್ತೂ ಆಗಲಿಲ್ಲ. ಮಜ್ಜಿಗೆ ತಂದರೆ ನಾಳೆಯಿಂದ ನನ್ನನ್ನು ಯಾರು ಕರೀತಾರೆ?" ಎಂದ. ಹೇಳಿದವನು ಅಲ್ಲಿಗೇ ನಿಲ್ಲಿಸದೆ, ಆ ಬೇಜಾರಿಗೋ ಏನೋ, ಬಂದು ಶಂಭು ಅಜ್ಜನ ಎಲೆಗೆ ಎರಡು ಹೋಳಿಗೆ ಹೆಚ್ಚೇ ಹಾಕಿದ.

ನನಗೆ ಬೇರೆ ದಾರಿ ಉಳಿಯಲಿಲ್ಲ. ಅಜ್ಜನ ಕಿವಿಯ ಹತ್ತಿರ ಬಾಗಿ, "ಅಜ್ಜ, ಸ್ವಲ್ಪ ಬೇಗ ಮುಗಿಸಬಹುದಾ? ಶ್ಯಾಮಲತ್ತಿಗೆಯ ದೇಶಕ್ಕೆ ಶತ್ರು ಬಂದಿದ್ದಾರೆ" ಎಂದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು.

ಅಜ್ಜ ಆಶ್ಚರ್ಯಪಡಲಿಲ್ಲ. ಅವರ ವಯಸ್ಸಿಗೆ ಬರುವಾಗ ಆಶ್ಚರ್ಯ ಮುಗಿದಿರುತ್ತದೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಬಂದರೆ ಬರಲಿ. ಸೈನ್ಯ ಇಲ್ಲವಾ?" ಎಂದು ಕೇಳಿದರು.

"ಉಂಟು ಅಜ್ಜ. ಇಲ್ಲಿ ಕೂತವರೇ ಸೈನ್ಯ."

ಅಜ್ಜ ಬಾಗಿ ಹಂತಿಯನ್ನು ನೋಡಿದರು. "ಡಾಕ್ಟ್ರು ಎಂತ ಅದರಲ್ಲಿ?"

"ಗೌರವ ಮಹಾದಂಡನಾಯಕರು."

"ಆಚೆಯವ?"

"ಉಪ ಮಹಾದಂಡನಾಯಕರು. ಅದರಾಚೆಯವರೂ ಉಪ. ಅದರಾಚೆಯವರು ಸಂಚಾಲಕರು."

"ಯುದ್ಧ ಮಾಡುವವ ಯಾರು?"

ಅಜ್ಜ ನನ್ನ ಮುಖವನ್ನೇ ನೋಡಿದರು. ಅವರ ಭುಜ ಮೊದಲು ಕುಲುಕಿತು, ಆಮೇಲೆ ಹೊಟ್ಟೆ, ಕಡೆಗೆ ಸದ್ದು ಬಂತು. ಅಜ್ಜ ನಕ್ಕದ್ದು ನಾನು ಕಂಡದ್ದು ಅದೇ ಮೊದಲು. ನಗುತ್ತಾ ಒಂದು ಹೋಳಿಗೆಯನ್ನು ನಾಲ್ಕು ಮಡಿಕೆ ಮಾಡಿ ಬಾಯಿಗಿಟ್ಟು, ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು, ಎದ್ದು ನಿಂತು, ತುಂಬಿದ ಬಾಯಿಯಲ್ಲಿಯೇ "ಗೋವಿಂದಾ" ಎಂದರು.

ಪಾಯಸದ ಬೋಗುಣಿ ಹಿಡಿದವರು ಹಿಡಿದಲ್ಲೇ ನಿಂತರು. ಜೀಪಿನ ಚಾಲಕ ತುತ್ತು ಕೈಯಲ್ಲಿ ಹಿಡಿದು, ಹೋಳಿಗೆಯನ್ನೂ ಅಜ್ಜನನ್ನೂ ನೋಡಿದ. ಆದರೆ ಹಿರಿಯರು ಎದ್ದ ಮೇಲೆ ಕೂರುವ ಹಾಗಿಲ್ಲ. "ಗೋವಿಂದ" ಎಂದು ಇಡೀ ಹಂತಿ ಎದ್ದಿತು. ನಾನು, "ಹಟ್ಟಿಗೆ, ಹಟ್ಟಿಗೆ" ಎಂದೆ. ಸೇನೆ ಓಡಿತು. ಓಡಿತು ಎಂದು ಬರೆದೆ, ಅದು ಪೂರ್ತಿ ಸರಿಯಲ್ಲ. ಬಲಗೈ ಎಂಜಲು, ಎಡಗೈಯಲ್ಲಿ ಪಂಚೆಯ ತುದಿ, ಹೊಟ್ಟೆಯಲ್ಲಿ ಎರಡು ಬಗೆ ಪಲ್ಯ. ಇದರಲ್ಲಿ ಮನುಷ್ಯ ಎಷ್ಟು ಓಡಬಹುದೋ ಅಷ್ಟು ಓಡಿತು. ಎದುರಿನ ಹಂತಿಯ ಹೆಂಗಸರು ನೋಡುತ್ತಲೇ ಇದ್ದರು. ಯಾರಿಗೋ ಹೊಟ್ಟೆ ಕೆಟ್ಟಿರಬೇಕೆಂದು ಒಬ್ಬರು ಹೇಳಿದರೆ, "ಒಬ್ಬರಿಗಲ್ಲ, ಎಲ್ಲರಿಗೂ" ಎಂದು ಇನ್ನೊಬ್ಬರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ. ರಮೇಶನ ಹೆಂಡತಿ ಅಡಿಗೆಯವರ ಕಡೆಗೆ ಧಾವಿಸಿದಳು.

ಹಟ್ಟಿಯ ಮೆಟ್ಟಿಲಿನ ಬುಡದಲ್ಲಿ ಇನ್ನೊಂದು ಅನಾಹುತ ಕಾದಿತ್ತು. ಮೆಟ್ಟಿಲಿಗೆ ಹಿಡಿಯುವುದು ಮೂವರೇ ಎಂದೆನಲ್ಲ. ಸೇನೆ ಬುಡಕ್ಕೆ ಬಂದು ಗಕ್ಕನೆ ನಿಂತಿತು. ರಮೇಶ, "ಡಾಕ್ಟ್ರೇ, ನೀವು ಮೊದಲು" ಎಂದ. ಡಾಕ್ಟ್ರು, "ಛೆ ಛೆ, ನಾನು ಗೌರವ ಮಾತ್ರ. ಕಾರ್ಯನಿರ್ವಾಹಕರು ನೀವು. ನೀವು ಹತ್ತಿ" ಎಂದರು. "ಹಿರಿಯರು ನೀವಿರುವಾಗ ನಾನು ಹತ್ತುದಾ?" ಎಂದ ರಮೇಶ. ಉಪ ಮಹಾದಂಡನಾಯಕರು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವರಿಬ್ಬರು ಹತ್ತದೆ ತಾವು ಹತ್ತುವುದು ಹೇಗೆಂದು ಪಂಚೆ ಸರಿಮಾಡಿಕೊಂಡರು. ಹಟ್ಟಿಯೊಳಗಿನ ದನ ಕತ್ತು ಹೊರಗೆ ಹಾಕಿ, ಮೆಲುಕು ನಿಲ್ಲಿಸಿ, ನಮ್ಮನ್ನು ನೋಡಿತು. ಆಗ ನಾನು ಮಾಡಿದ ಕೆಲಸವನ್ನು ಹೇಳದೆ ಬಿಡಬಾರದು. ನಾನು ಮುಂದೆ ಬಂದು, "ಗೌರವ ಮಹಾದಂಡನಾಯಕರು ಮೊದಲು, ಆಮೇಲೆ ಕಾರ್ಯನಿರ್ವಾಹಕರು, ಆಮೇಲೆ ಸಾಲಾಗಿ ಉಪರು" ಎಂದು ಕೈ ತೋರಿಸುತ್ತಾ ಎಲ್ಲರನ್ನೂ ಕ್ರಮದಲ್ಲಿ ನಿಲ್ಲಿಸತೊಡಗಿದೆ. ಒಬ್ಬ ಸಹಸಂಚಾಲಕ ಸಂಚಾಲಕರಿಗಿಂತ ಮುಂದೆ ಬಂದಾಗ ಅವನನ್ನು ಹಿಂದಕ್ಕೂ ಕಳಿಸಿದೆ. ಶತ್ರು ಮನೆಯೊಳಗೆ ಬಂದಾಗಲೂ ಆಮಂತ್ರಣ ಪತ್ರಿಕೆಯ ಕ್ರಮ ಬಿಟ್ಟುಕೊ​ಡದ ಮನುಷ್ಯ ನಾನು.

ಮೇಲೆ ಹತ್ತಿದ ಡಾಕ್ಟ್ರು, "ಇಲ್ಲಿ ಮೊದಲೇ ಒಬ್ಬರು ಇದ್ದಾರೆ" ಎಂದರು. ನಾನು ಕತ್ತೆತ್ತಿ ನೋಡಿದೆ. ಮೇಲಿನ ಮೆಟ್ಟಿಲಿನಲ್ಲಿ, ಬಲಗೈಯಲ್ಲಿ ಪಾಯಸದ ಬೋಗುಣಿ ಹಿಡಿದು, ಎಡಗೈಯಲ್ಲಿ ಫೋನು ಹಿಡಿದು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ನನ್ನ ಅಣ್ಣ ನಿಂತಿದ್ದ. ಉಪ್ಪಿಲ್ಲದ ಊಟದವನು, ಹಂತಿಯಲ್ಲಿ ಕೂತು ಎಲ್ಲರೆದುರು ಬೇಡ ಬೇಡ ಎನ್ನುವುದಕ್ಕಿಂತ ಬಡಿಸುವುದೇ ಲೇಸೆಂದು ಅವನು ಯಾವ ಊಟದಲ್ಲೂ ಬಡಿಸಲು ನಿಲ್ಲುವವನು. ನಮ್ಮ ಗದ್ದಲ ಕೇಳಿ ತಿರುಗಿ, ಡಾಕ್ಟ್ರಿಗೆ ಜಾಗ ಬಿಟ್ಟು ಇಳಿದು ಬಂದ. ಇಳಿಯುವಾಗ ನನ್ನ ಹತ್ತಿರ ಮಾತ್ರ ನಿಂತು, ತಗ್ಗಿದ ಸ್ವರದಲ್ಲಿ, "ನಾನು ಅನ್ನ ಬಡಿಸುವಾಗಲೇ ಬಂದು ಒತ್ತಿ ಆಗಿದೆ. ಈಗ ಬಂದದ್ದು ಎಷ್ಟಾಯಿತು ನೋಡುದಕ್ಕೆ. ನಿನ್ನ ಅತ್ತಿಗೆಗೆ ಹೇಳುದು ಬೇಡ ಮಾರಾಯ" ಎಂದ. ಅವನ ಫೋನು ನನ್ನ ಕಣ್ಣೆದುರಿಗೇ ಇತ್ತು. ಅದರಲ್ಲಿ ದೇಶದ ಹೆಸರು ಚಪ್ಪೆ ಎಂದಿತ್ತು.

ಸೇನೆ ಮೂವರಂತೆ ಹತ್ತಿ, ಎಡಗೈಯ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಇಳಿಯಿತು. ಕೊನೆಯ ಮೂವರು ಹತ್ತುವ ಮೊದಲೇ ಲೆಕ್ಕ ಮುಗಿಯಿತು. ಆ ಹೊತ್ತಿಗೆ ಅತ್ತಿಗೆಯೂ ಊಟ ಬಿಟ್ಟು ಬಂದಿದ್ದರು. ಡಾಕ್ಟ್ರು ಮೆಟ್ಟಿಲಿನಿಂದಲೇ ಫಲಿತಾಂಶ ಓದಿದರು. ಅತ್ತಿಗೆ ಒಂದು ಬೆಂಬಲದ ಅಂತರದಲ್ಲಿ ಗೆದ್ದಿದ್ದರು. ಗ್ರಂಥಾಲಯ ಉಳಿಯಿತು, ಐದು ತಲೆಮಾರಿನ ರಾಜವಂಶಗಳೆಲ್ಲ ಉಳಿದವು. ರಮೇಶ ಡಾಕ್ಟ್ರನ್ನು ಎಂಜಲು ಕೈಯಲ್ಲಿಯೇ ಅಪ್ಪಿಕೊಂಡ. ಶಂಭು ಅಜ್ಜ ಮುಷ್ಟಿಯ ಹೋಳಿಗೆಯನ್ನು ಆಗ ನೆಮ್ಮದಿಯಿಂದ ಬಾಯಿಗಿಟ್ಟರು. ಗೆಲುವಿನ ಗದ್ದಲದಲ್ಲಿ ಅತ್ತಿಗೆ ನನ್ನ ಕಡೆ ತಿರುಗಿ, "ನೀನು ಒತ್ತಿದೆಯಾ ಕೇಶವ?" ಎಂದು ಕೇಳಿದರು.

ನಾನು ಒತ್ತಿರಲಿಲ್ಲ. ಎಲ್ಲರನ್ನೂ ಕ್ರಮದಲ್ಲಿ ನಿಲ್ಲಿಸುವುದರಲ್ಲಿ ನನ್ನದು ಉಳಿದುಹೋಗಿತ್ತು.

ಇದನ್ನು ಬರೆಯಲು ಹೊರಟಾಗ, ಗುಟ್ಟು ಬಯಲಾದೀತೆಂದು ಅಳುಕಿ ಕಾಣಿಯೂರಿಗೆ ಹೋಗಿ ಅಣ್ಣನ ಒಪ್ಪಿಗೆ ಕೇಳಿದೆ. ಅವನು ಉತ್ತರ ಕೊಡುವ ಮೊದಲೇ ಅಡಿಗೆ ಕೋಣೆಯಿಂದ ಅತ್ತಿಗೆಯ ಸ್ವರ ಬಂತು. "ಬರೆ ಬರೆ. ನನಗೆ ಗೊತ್ತಿಲ್ಲ ಅಂತ ಎಣಿಸಿದ್ದಾ ನೀವಿಬ್ಬರು? ದಿನಕ್ಕೆ ಮೂರು ಹೊತ್ತು ಈ ಮನೆಯಲ್ಲಿ ಕೇಳುವ ಶಬ್ದ ಅದೊಂದೇ. ಹೆಸರು ಕಂಡ ದಿನವೇ ಗೊತ್ತಾಗಿದೆ." ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ಕಿವಿ ಕೆಂಪಾದದ್ದನ್ನು ಮಾತ್ರ ನೋಡಿದೆ. ನಾನು, "ಹಾಗಾದರೆ ಅಣ್ಣನಿಗೆ ಪದವಿ ಬೇಡ ಅಂದದ್ದು ಯಾಕೆ ಅತ್ತಿಗೆ?" ಎಂದು ಕೇಳಿದೆ. ಅತ್ತಿಗೆ ಸೌಟು ಹಿಡಿದೇ ಬಾಗಿಲಿಗೆ ಬಂದು, "ನೀನು ಎಲ್ಲರನ್ನೂ ದಂಡನಾಯಕ ಮಾಡುವವ ಅಂತ ನನಗೆ ಗೊತ್ತಿತ್ತು. ಕೆಲಸಕ್ಕೆ ಒಬ್ಬ ಜನ ಬೇಡವಾ?" ಎಂದರು. ಅಣ್ಣ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು, "ಚಪ್ಪೆ" ಎಂದ. ಹೇಳಿದ ರೀತಿ ಎಂದಿನದಲ್ಲ. ಅತ್ತಿಗೆ ನಗುತ್ತಾ ಒಳಗೆ ಹೋದರು.

ಸೇನೆಯಲ್ಲಿ ಯಾರ ಪದವಿಯನ್ನೂ ಅತ್ತಿಗೆ ತೆಗೆಯಲಿಲ್ಲ. ತೆಗೆದರೆ ಆಗುವ ಯುದ್ಧಕ್ಕೆ ಬೇರೆಯೇ ಸೇನೆ ಬೇಕಾದೀತು. ನನ್ನದನ್ನು ಮಾತ್ರ ತೆಗೆದರು, ಚೌಕಟ್ಟಿನ ಸಮೇತ. ಈಗ ನಾನು ಹತ್ತು ಸಮಸ್ತರಲ್ಲಿ ಒಬ್ಬ. ಅಣ್ಣನೂ ನಾನೂ ಸೇರಿ ಇಬ್ಬರಿದ್ದೇವೆ, ಇನ್ನು ಎಂಟು ಮಂದಿ ಬೇಕು. ಅಣ್ಣ ನನಗೆ ಮೇಲಿನವನೋ ಸಮಾನನೋ ಎಂಬುದು ಎಲ್ಲಿಯೂ ಬರೆದಿಲ್ಲ. ಆದರೆ ಪ್ರತಿ ಸೋಮವಾರ ಬೆಳಿಗ್ಗೆ ಫೋನು ಮಾಡಿ, "ಒತ್ತಿದೆಯಾ?" ಎಂದು ಕೇಳುತ್ತಾನೆ. ನಾನು, "ಒತ್ತಿದೆ ಅಣ್ಣ" ಎನ್ನುತ್ತೇನೆ. ಅವನು ಇಟ್ಟುಬಿಡುತ್ತಾನೆ. ಇಷ್ಟು ಚಿಕ್ಕ ಆಜ್ಞೆ, ಇಷ್ಟು ಬೇಗ ತಲುಪಿದ್ದನ್ನು ನಾನು ಯಾವ ಸಮಿತಿಯಲ್ಲೂ ಕಂಡದ್ದಿಲ್ಲ.

ಮೊನ್ನೆ ಒಂದು ಭಜನಾ ಮಂದಿರದವರು ಆಮಂತ್ರಣ ಪತ್ರಿಕೆಯ ಪ್ರೂಫು ನೋಡಲು ಬಂದಿದ್ದರು. ಗೌರವಾಧ್ಯಕ್ಷರಿಂದ ಹಿಡಿದು ವಿಶೇಷ ಆಹ್ವಾನಿತರ ತನಕ ಬೆರಳಿಟ್ಟು ನೋಡಿ, ಎಲ್ಲ ಸರಿಯುಂಟು ಎಂದು ತಲೆಯಾಡಿಸಿದ ಅಧ್ಯಕ್ಷರು ಕೊನೆಯ ಸಾಲಿಗೆ ಬಂದು ನಿಂತರು. "ಇದೆಂತ ಕೇಶವಣ್ಣ, ಹತ್ತು ಸಮಸ್ತರು ನನ್ನ ಹೆಸರಿಗಿಂತ ದಪ್ಪ ಅಕ್ಷರದಲ್ಲಿ? ಸುತ್ತ ಒಂದು ಚೌಕಟ್ಟು ಬೇರೆ?"

ನಾನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ಅದು ಮಿಶಿನು ತನ್ನಷ್ಟಕ್ಕೆ ಹಾಕುವುದು, ತೆಗೆಯಲಿಕ್ಕೆ ಬರುವುದಿಲ್ಲ ಎಂದೆ.